ಗ್ರಾಮ ಪಂಚಾಯಿತಿ ಚುನಾವಣೆಯಲ್ಲೇ ಸಂಬಂಧಗಳು ಹೆಚ್ಚು ಕೆಡುವುದೇಕೆ?

ಎದುರಾಳಿ ದಾಯಾದಿಯೋ ಪಕ್ಕದ ಮನೆಯವನೋ ಆಗಿರುತ್ತಾನೆ, ಅದಕ್ಕೇ. ಕರ್ನಾಟಕದಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಪಂಚಾಯಿತಿ ಸದಸ್ಯ. ಪಕ್ಷದ ಚಿಹ್ನೆಗೆ ಅವಕಾಶವಿಲ್ಲ. ಪಕ್ಷ ದೂರವಿದ್ದರೆ ಊರು ಒಡೆಯದು ಎಂಬ ಆಶಯ ಒಳ್ಳೆಯದೇ. ಆದರೆ ಚಿಹ್ನೆ ತೆಗೆದ ಮೇಲೆ ಉಳಿಯುವುದು ಮನೆತನ, ಜಾತಿ, ಹಳೆಯ ಬದುವಿನ ಜಗಳ. ಮತಗಳು ಕಡಿಮೆಯಾದ್ದರಿಂದ ಕೈಕೊಟ್ಟವರು ಯಾರೆಂದು ಸೋತವರು ಮನೆಮನೆಯ ಲೆಕ್ಕ ಹಾಕುತ್ತಾರೆ (ಲೆಕ್ಕ ತಪ್ಪುವುದೇ ಹೆಚ್ಚು, ಅದು ಬೇರೆ ಮಾತು). ವಿಧಾನಸಭೆಯಲ್ಲಿ ಸೋತವರು ‘ಅಲೆ ಇತ್ತು’ ಎಂದು ಸಮಾಧಾನಪಟ್ಟುಕೊಳ್ಳಬಹುದು. ಇಲ್ಲಿ ಸೋತರೆ ನಮ್ಮವರೇ ನಮ್ಮನ್ನು ಬೇಡವೆಂದಂತೆ. ಮದುವೆಯ ಕರೆಯೋಲೆಯೂ ನಿಲ್ಲುತ್ತದೆ. ಅವಿರೋಧ ಆಯ್ಕೆಯೇ ಮದ್ದು ಎನ್ನುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ: 2020ರ ಚುನಾವಣೆಯಲ್ಲಿ ಅವಿರೋಧ ಆಯ್ಕೆಯ ಹೆಸರಿನಲ್ಲಿ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿದ ಪ್ರಕರಣಗಳು ವರದಿಯಾಗಿದ್ದವು.