ಇಂಗ್ಲಿಷ್ ಉಚ್ಚಾರಣೆ ಕಲಿಯೋದಿದ್ದರೆ ಸಂಧಿಯಿಂದ ಶುರು ಮಾಡಿ

ನಿಮ್ಮ ಪ್ರಶ್ನೆ ಓದಿದೆ. ನೀವು ತೀರ್ಥಹಳ್ಳಿ ಕಡೆಯವರು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಈಗ ಸಾಫ್ಟ್‌ವೇರ್ ಕೆಲಸ. ಓದೋದು, ಇಮೇಲ್ ಬರೆಯೋದು ಕಷ್ಟವಿಲ್ಲ. ಆದರೆ ಅಮೆರಿಕದ ಕ್ಲೈಂಟ್ ಕಾಲ್‌ನಲ್ಲಿ ಹೇಳಿದ್ದು ಅರ್ಧ ಕಿವಿಗೇ ಬೀಳುವುದಿಲ್ಲ, ನೀವು ಹೇಳಿದ್ದನ್ನು ಅವರು ಎರಡೆರಡು ಸಲ ಕೇಳುತ್ತಾರೆ. ‘ನನ್ನ ಇಂಗ್ಲಿಷ್ ಬಿಡಿಬಿಡಿ ಪದವಾಗಿ ಬರುತ್ತೆ, ಅವರ ಹಾಗೆ ಜೋಡಿಸಿ ಸಹಜವಾಗಿ ಮಾತಾಡೋದು ಹೇಗೆ ಕಲಿಯಲಿ’ ಅಂತ ಕೇಳಿದ್ದೀರಿ.

ನಾನು ಶಿವಮೊಗ್ಗದಲ್ಲಿ ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬಂದು ಇಲ್ಲಿ ರೂಮ್ ಮಾಡಿಕೊಂಡು ಓದುವವರೇ ನನ್ನ ಹತ್ತಿರ ಜಾಸ್ತಿ. ಅವರಿಗೆ ಪಾಠ ಮಾಡುತ್ತಾ ಮಾಡುತ್ತಾ ನನಗೆ ಒಂದು ವಿಷಯ ಗಟ್ಟಿಯಾಗಿದೆ. ಉಚ್ಚಾರಣೆಯ ಪಾಠಗಳಲ್ಲಿ ಸಾಮಾನ್ಯವಾಗಿ ಮೊದಲು ಬಿಡಿ ಧ್ವನಿ, ಆಮೇಲೆ ಪದ, ಪದಗಳ ಜೋಡಣೆ ಎಲ್ಲದರ ಕೊನೆಗೆ. ಕನ್ನಡದವರು ಇದನ್ನು ತಿರುಗಿಸಿ ಕಲಿಯಬೇಕು. ಜೋಡಣೆಯೇ ಮೊದಲ ಪಾಠ ಆಗಬೇಕು. ಅದೊಂದು ಬಂದರೆ ನಮ್ಮ ಇಂಗ್ಲಿಷಿನ ಬೇರೆ ಮೂರು ನಾಲ್ಕು ತೊಂದರೆಗಳು ತಾವಾಗಿಯೇ ಹಗುರಾಗುತ್ತವೆ.

ಹೈಸ್ಕೂಲಿನಲ್ಲಿ ಸಂಧಿ ಬಿಡಿಸಿದ್ದು ನೆನಪಿದೆ ಅಲ್ವಾ? ಊರು, ಅಲ್ಲಿ ಸೇರಿ ಊರಲ್ಲಿ. ಮನೆ, ಅಲ್ಲಿ ಸೇರಿದರೆ ನಡುವೆ ‘ಯ’ ಬಂದು ಮನೆಯಲ್ಲಿ. ಗುರು, ಅನ್ನು ಸೇರಿದರೆ ‘ವ’ ಬಂದು ಗುರುವನ್ನು. ಇಂಗ್ಲಿಷ್ ಮಾತಾಡುವಾಗ ಅವರು ಮಾಡೋದು ಹೆಚ್ಚುಕಡಿಮೆ ಇದನ್ನೇ. ‘ಸೀ ಇಟ್’ ಅನ್ನೋದು ಸೀಯಿಟ್. ‘ಗೋ ಆನ್’ ಅನ್ನೋದು ಗೋವಾನ್. ‘ಡೂ ಇಟ್’ ಅನ್ನೋದು ಡೂವಿಟ್. ಈ, ಏ, ಐ ಥರದ ಸ್ವರದ ಮುಂದೆ ಇನ್ನೊಂದು ಸ್ವರ ಬಂದರೆ ಯ, ಊ, ಓ, ಔ ಥರದ ಸ್ವರದ ಮುಂದೆ ಬಂದರೆ ವ. ನಮ್ಮ ಆಗಮ ಸಂಧಿಯ ಲೆಕ್ಕವೇ. ಆ ಯ, ವ ಸ್ವಲ್ಪ ತೆಳ್ಳಗಿರುತ್ತವೆ, ಅಷ್ಟೇ ವ್ಯತ್ಯಾಸ.

ಪದದ ಕೊನೆಯಲ್ಲಿ ವ್ಯಂಜನ, ಮುಂದಿನ ಪದದ ಶುರುವಿನಲ್ಲಿ ಸ್ವರ ಇದ್ದರೆ ಇನ್ನೂ ಸುಲಭ. ವ್ಯಂಜನ ಹೋಗಿ ಸ್ವರಕ್ಕೆ ಅಂಟಿಕೊಳ್ಳುತ್ತದೆ. ‘ಪಿಕ್ ಇಟ್ ಅಪ್’ ಒಂದೇ ಪದದ ಹಾಗೆ ಪಿಕಿಟಪ್. ಶರತ್, ಚಂದ್ರ ಸೇರಿ ಶರಚ್ಚಂದ್ರ ಆದ ಹಾಗೆ ಧ್ವನಿಯೇ ಬದಲಾಗುವುದೂ ಉಂಟು. ‘ಮೀಟ್ ಯು’ ಮೀಚು ಆಗುತ್ತದೆ, ‘ವುಡ್ ಯು’ ವುಜು ಆಗುತ್ತದೆ. ಒಂದೇ ಧ್ವನಿ ಎರಡು ಸಲ ಬಂದರೆ ನಮ್ಮ ಒತ್ತಕ್ಷರದ ಹಾಗೆ ಒಂದೇ ಸಲ ಒತ್ತಿ ಹಿಡಿದರೆ ಸಾಕು. ‘ಬಿಗ್ ಗೇಮ್’ ಅನ್ನೋದು ಬಿಗ್ಗೇಮ್. ‘ಟೆನ್ ಪೀಪಲ್’ ಅಂತ ಜೋರಾಗಿ ಹೇಳಿ ನೋಡಿ. ನಿಮಗೇ ಗೊತ್ತಿಲ್ಲದೆ ಟೆಂಪೀಪಲ್ ಅಂದಿರುತ್ತೀರಿ, ತುಟಿ ‘ಪ’ಗೆ ಮೊದಲೇ ಮುಚ್ಚಿಕೊಂಡಿರುತ್ತದೆ. ಕಂಪು, ಕಂಬ ಅನ್ನುವ ಬಾಯಿಗೆ ಇದನ್ನು ಬೇರೆ ಹೇಳಿಕೊಡಬೇಕಾಗಿಲ್ಲ.

ಹಾಗಿದ್ದರೆ ಇಂಗ್ಲಿಷಿನಲ್ಲಿ ಮಾತ್ರ ಯಾಕೆ ಬಿಡಿಬಿಡಿಯಾಗಿ ಬರುತ್ತದೆ? ನಾವು ಕನ್ನಡವನ್ನು ಕಿವಿಯಿಂದ ಕಲಿತವರು, ಇಂಗ್ಲಿಷನ್ನು ಪುಸ್ತಕದಿಂದ ಕಲಿತವರು. ಪುಸ್ತಕದಲ್ಲಿ ಪದಕ್ಕೂ ಪದಕ್ಕೂ ನಡುವೆ ಜಾಗ ಇದೆ. ಆ ಜಾಗವನ್ನು ಬಾಯಲ್ಲೂ ಇಟ್ಟುಕೊಂಡಿದ್ದೇವೆ. ‘ಎಲ್ಲಿಗೆ ಹೋಗ್ತಿದೀಯ’ ಅನ್ನೋದನ್ನು ಮನೆಯಲ್ಲಿ ಎಲ್ಲೋಗ್ತಿದೀಯ ಅನ್ನುತ್ತೀರಿ. ಅದನ್ನು ಯಾರೂ ನಿಮಗೆ ಪಾಠ ಮಾಡಿಲ್ಲ.

ಇನ್ನು ಜೋಡಣೆಯಿಂದ ಬೇರೆ ತೊಂದರೆ ಹೇಗೆ ಹಗುರಾಗುತ್ತದೆ ಅನ್ನೋದು. ಕನ್ನಡದ ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುತ್ತವೆ. ಅದಕ್ಕೇ ಬಸ್ಸು, ಕಾರು, ಬ್ಯಾಂಕು ಅನ್ನುತ್ತೇವೆ. ಇಂಗ್ಲಿಷ್ ಮಾತಾಡುವಾಗಲೂ ಕೊನೆಗೆ ಆ ಸಣ್ಣ ‘ಉ’ ಸೇರಿಕೊಳ್ಳುತ್ತದೆ. ಹಾಗೇ ಪದದ ಶುರುವಿನಲ್ಲಿ ಎ, ಒ ಇದ್ದರೆ ನಮ್ಮ ಬಾಯಿ ಯ, ವ ಸೇರಿಸುತ್ತದೆ. ಎಲ್ಲಿ ಅನ್ನೋದು ಯೆಲ್ಲಿ, ಒಂದು ಅನ್ನೋದು ವೊಂದು. ಅದೇ ಅಭ್ಯಾಸದಲ್ಲಿ ಎಗ್ ಹೋಗಿ ಯೆಗ್, ಓನ್ಲಿ ಹೋಗಿ ವೋನ್ಲಿ. ಈ ಎರಡನ್ನೂ ಒಂದೊಂದಾಗಿ ತಿದ್ದಲು ಹೊರಟರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ‘ಆ್ಯನ್ ಎಗ್’ ಅನ್ನೋದನ್ನು ಅನೆಗ್ ಅಂತ ಒಂದೇ ಉಸಿರಿಗೆ ಹೇಳಿ. ಯ ಬರಲು ಜಾಗವೇ ಇಲ್ಲ. ‘ಟರ್ನ್ ಇಟ್ ಆಫ್’ ಅನ್ನೋದನ್ನು ಟರ್ನಿಟಾಫ್ ಅನ್ನಿ. ಟರ್ನು, ಇಟ್ಟು ಅನ್ನಲು ಅಲ್ಲಿ ಪದದ ಕೊನೆಯೇ ಉಳಿದಿಲ್ಲ.

ಹೊಸನಗರ ಕಡೆಯ ಒಬ್ಬ ಹುಡುಗಿ ಇಂಟರ್ವ್ಯೂಗೆ ತಯಾರಾಗುತ್ತಿದ್ದಳು. ‘ಬ್ಯಾಂಕಿನಲ್ಲಿ ಕೆಲಸ ಮಾಡಿದ್ದೆ’ ಅಂತ ಹೇಳಬೇಕು. ಅವಳ ಬಾಯಲ್ಲಿ ಬರುತ್ತಿದ್ದದ್ದು ‘ಐ ವರ್ಕೆಡು ಇನ್ ಏ ಬ್ಯಾಂಕು’. ಆ ಕ್ರಿಯಾಪದ ವರ್ಕೆಡ್ ಅಲ್ಲ, ವರ್ಕ್ಟ್. ಬಿಡಿಯಾಗಿ ವರ್ಕ್ಟ್ ಅನ್ನು ಅಂದರೆ ನಾಲಿಗೆ ತಡವರಿಸುತ್ತಿತ್ತು, ಕೊನೆಯಲ್ಲಿ ಕ್, ಟ್ ಎರಡೂ ಒಟ್ಟಿಗೆ ನಿಲ್ಲುತ್ತಿರಲಿಲ್ಲ. ಆಗ ವಾಕ್ಯವನ್ನು ಬಾಲದಿಂದ ಹಿಡಿದು ಹೇಳಿಸಿದೆ. ಮೊದಲು ‘ನಬ್ಯಾಂಕ್’. ಆಮೇಲೆ ‘ಟಿನಬ್ಯಾಂಕ್’. ಆಮೇಲೆ ‘ವರ್ಕ್ಟಿನಬ್ಯಾಂಕ್’. ಸರಾಗವಾಗಿ ಬಂತು. ಯಾಕೆಂದರೆ ಈಗ ಆ ಕ್ಟ್ ಪದದ ಕೊನೆಯಲ್ಲಿಲ್ಲ, ನಡುವೆ ಬಂದಿದೆ. ಶಕ್ತಿ, ಭಕ್ತಿ ಅನ್ನುವವರಿಗೆ ನಡುವಿನ ಒತ್ತಕ್ಷರ ಯಾವ ಲೆಕ್ಕ? ಕನ್ನಡದವರಿಗೆ ವ್ಯಂಜನಗಳ ಗುಂಪು ಕಷ್ಟವಲ್ಲ, ಅದು ಕೊನೆಯಲ್ಲಿ ಬಂದಾಗ ಮಾತ್ರ ಕಷ್ಟ. ಜೋಡಿಸಿ ಹೇಳಿದರೆ ಕೊನೆ ಅನ್ನೋದು ನಡು ಆಗುತ್ತದೆ. ಜೋಡಣೆಯಿಂದಲೇ ಶುರು ಮಾಡಿ ಅಂತ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಇದೇ ಕಾರಣ.

ಹಿಂದಿನಿಂದ ಮುಂದಕ್ಕೆ ಕಟ್ಟುವ ಈ ವಿಧಾನವನ್ನು ನೀವೂ ಮಾಡಿ. ನಿಮ್ಮ ಕೆಲಸದಲ್ಲೇ ದಿನಾ ಬರುವ ಮಾತುಗಳಿವೆಯಲ್ಲ, ‘ಚೆಕ್ ಇಟ್ ಔಟ್’, ‘ಲುಕ್ ಇಂಟು ಇಟ್’, ‘ಸೆಟ್ ಅಪ್ ಎ ಮೀಟಿಂಗ್’. ಅವನ್ನೇ ತೆಗೆದುಕೊಳ್ಳಿ. ಇಲ್ಲೊಂದು ವಿಷಯ ಗಮನಿಸಿ. ಎರಡು ಸ್ವರಗಳ ನಡುವೆ ಟ ಬಂದು, ಅದರ ಮುಂದಿನ ಸ್ವರವನ್ನು ಒತ್ತಿ, ಎದ್ದು ಕೇಳಿಸುವ ಹಾಗೆ ಹೇಳದಿದ್ದರೆ ಅಮೆರಿಕದವರು ಅದನ್ನು ಮೆತ್ತಗೆ ಡ ಮಾಡುತ್ತಾರೆ. ನಾಲಿಗೆ ಮೇಲಕ್ಕೆ ತಾಗಿ ತಕ್ಷಣ ಬಿಡುವ ಡ. ವಾಟರ್ ಅನ್ನೋದು ವಾಡರ್, ಮೀಟಿಂಗ್ ಅನ್ನೋದು ಮೀಡಿಂಗ್. ಸ್ವರದ ನಂತರದ ಟ ಪದದ ಕೊನೆಯಲ್ಲಿದ್ದು, ಮುಂದಿನ ಪದ ಸ್ವರದಿಂದ ಶುರುವಾದರೆ, ಆ ಸ್ವರವನ್ನು ಒತ್ತಿ ಹೇಳಿದರೂ ಸಾಮಾನ್ಯವಾಗಿ ಹೀಗೇ. ಚೆಕಿಡೌಟ್, ಸೆಡಪಮೀಡಿಂಗ್. ‘ಪುಟ್ ಇಟ್ ಆನ್’ ಅನ್ನೋದು ಪುಡಿಡಾನ್. ನಿಮ್ಮ ಕ್ಲೈಂಟ್ ಹೇಳಿದ್ದು ಅರ್ಧ ತಪ್ಪಿಹೋಗುತ್ತದೆ ಅಂದಿರಲ್ಲ, ಅದರಲ್ಲಿ ದೊಡ್ಡ ಪಾಲು ಇದೇ ಇರಬೇಕು. ‘ಪುಟ್’ ಬರುತ್ತದೆ ಅಂತ ನೀವು ಕಾಯುತ್ತಿದ್ದೀರಿ, ಅವರು ‘ಪುಡಿಡಾನ್’ ಅಂದು ಮುಂದೆ ಹೋಗಿಯಾಯಿತು.

ಇಷ್ಟಕ್ಕೇ ಸಹಜವಾಗಿ ಕೇಳಿಸುವುದಿಲ್ಲ. ಒತ್ತು ಬೇಕು. ಇಂಗ್ಲಿಷಿನಲ್ಲಿ ಪದದ ಒಂದು ಭಾಗ ಎದ್ದು ಕೇಳಿಸುತ್ತದೆ, ಉಳಿದ ಭಾಗಗಳು ಕುಗ್ಗುತ್ತವೆ. ನಾವು ಎಲ್ಲ ಅಕ್ಷರಕ್ಕೂ ಸಮನಾಗಿ ಮರ್ಯಾದೆ ಕೊಡುತ್ತೇವೆ. ಆದರೆ ಆಡುಮಾತಿನಲ್ಲಿ ನಾವೂ ಕುಗ್ಗಿಸುತ್ತೇವೆ. ಅಡಿಕೆ ಅಡ್ಕೆ ಆಗುತ್ತದೆ, ಹುಡುಗಿ ಹುಡ್ಗಿ ಆಗುತ್ತಾಳೆ. ನಮ್ಮ ಊರಿನ ಹೆಸರನ್ನೇ ನೋಡಿ. 2014ರ ನವೆಂಬರ್ 1ರಿಂದ ಇಂಗ್ಲಿಷ್ ಬರಹದಲ್ಲೂ ಶಿವಮೊಗ್ಗ ಅಂತಾಯಿತು, ಬಸ್ಸಿನ ಬಾಗಿಲಲ್ಲಿ ಮಾತ್ರ ಈಗಲೂ ‘ಶಿಮೊಗ್ಗ, ಶಿಮೊಗ್ಗ’ ಅನ್ನುವ ಕೂಗೇ ಕೇಳಿಸುತ್ತದೆ. ‘ಕಂಫರ್ಟಬಲ್’ ಅನ್ನೋದು ಕಂಫ್ಟಬಲ್, ‘ವೆಜಿಟಬಲ್’ ಅನ್ನೋದು ವೆಜ್ಟಬಲ್ ಆಗುವುದು ಇದೇ ರೀತಿ. ಎಲ್ಲಿ ಒತ್ತು ಬೀಳುತ್ತದೆ ಅನ್ನೋದನ್ನು ಮಾತ್ರ ಪದದ ಜೊತೆಗೇ ಕಲಿಯಬೇಕು. ಫೋಟೋಗ್ರಾಫ್ ಅಂದಾಗ ಮೊದಲ ಅಕ್ಷರಕ್ಕೆ ಒತ್ತು, ಫೊಟಾಗ್ರಫರ್ ಅಂದಾಗ ‘ಟಾ’ಗೆ ಒತ್ತು. ನೀವು ದಿನಾ ಹೇಳುವ ಡೆವಲಪರ್ ಪದದಲ್ಲಿ ಒತ್ತು ‘ಡೆ’ಗೆ ಅಲ್ಲ, ಎರಡನೆಯದಕ್ಕೆ. ಡಿವೆಲಪರ್. ಹೊಟೆಲ್, ಇವೆಂಟ್ ಕೂಡ ಹಾಗೇ, ಎರಡನೆಯದಕ್ಕೆ.

ಸಣ್ಣ ಪದಗಳು ವಾಕ್ಯದಲ್ಲಿ ತೀರಾ ಕುಗ್ಗುತ್ತವೆ. ಟು ಅನ್ನೋದು ಬರೀ ‘ಟ’, ಆ್ಯಂಡ್ ಅನ್ನೋದು ಬರೀ ‘ನ್’. ‘ಕಪ್ ಆಫ್ ಟೀ’ ಅನ್ನೋದು ಕಪಟೀ. ಇದರಲ್ಲಿ ಒಂದು ಕಡೆ ಎಚ್ಚರ ಬೇಕು. ‘ಆಗುತ್ತದೆ, ಮಾಡಬಲ್ಲೆ’ ಅನ್ನುವ ‘ಕ್ಯಾನ್’ ಅವರ ಬಾಯಲ್ಲಿ ಕುಗ್ಗಿ ‘ಕನ್’ ಆಗುತ್ತದೆ. ‘ಐ ಕನ್ ಡೂವಿಟ್’. ‘ಆಗಲ್ಲ’ ಅನ್ನುವ ‘ಕ್ಯಾಂಟ್’ ಮಾತ್ರ ಪೂರ್ತಿ ಎದ್ದು ಕೇಳಿಸುತ್ತದೆ, ಅದರ ಕೊನೆಯ ಟ್ ಬಹಳ ಸಲ ಕೇಳಿಸುವುದೇ ಇಲ್ಲ. ಹಾಗಾಗಿ ನೀವು ಒತ್ತಿ, ಸ್ಪಷ್ಟವಾಗಿ ‘ಐ ಕ್ಯಾನ್ ಡೂ ಇಟ್’ ಅಂದರೆ ಅಮೆರಿಕದವರ ಕಿವಿಗೆ ‘ಆಗಲ್ಲ’ ಅಂತ ಬೀಳಬಹುದು. ಶುಕ್ರವಾರದೊಳಗೆ ಕೊಡಬಲ್ಲೆ ಅಂದದ್ದು ಕೊಡಲಾರೆ ಅಂತಾದರೆ ಕಷ್ಟ ಅಲ್ವಾ.

ತಲೆ ಕೆಡಿಸಿಕೊಳ್ಳಬೇಡಿ ಅನ್ನುವ ವಿಷಯಗಳೂ ಇವೆ. ‘ಥ್ಯಾಂಕ್ಸ್’, ‘ದಿಸ್’ ಪದಗಳ ಮೊದಲ ಧ್ವನಿಯನ್ನು ನಾಲಿಗೆ ಹಲ್ಲಿನ ನಡುವೆ ಇಟ್ಟು ಹೇಳಬೇಕು ಅಂತ ಹಲವರು ತುಂಬಾ ಕಷ್ಟಪಡುತ್ತಾರೆ. ನಮ್ಮ ತ, ದ ಸಾಕು, ಅರ್ಥವಾಗುತ್ತದೆ. ಬ್ರಿಟನ್ನಿನ ಭಾಷಾತಜ್ಞೆ ಜೆನಿಫರ್ ಜೆಂಕಿನ್ಸ್ 2000ದಲ್ಲಿ, ಬೇರೆಬೇರೆ ಮಾತೃಭಾಷೆಯವರು ಪರಸ್ಪರ ಇಂಗ್ಲಿಷಿನಲ್ಲಿ ಮಾತಾಡುವಾಗ ಅರ್ಥವಾಗಲು ಯಾವ ಧ್ವನಿ ಬೇಕೇ ಬೇಕು, ಯಾವುದು ಬೇಡ ಅಂತ ಪಟ್ಟಿ ಮಾಡಿದರು. ಈ ಧ್ವನಿ ಬೇಡ ಅನ್ನುವ ಕಡೆಯೇ ಇದೆ. ಜೋಡಣೆಯನ್ನೂ ಅವರು ಬೇಡದ ಕಡೆ ಹಾಕಿದ್ದಾರೆ ಅನ್ನೋದನ್ನೂ ಹೇಳಿಬಿಡಬೇಕು. ಜಪಾನಿನವರು, ಬ್ರೆಜಿಲಿನವರು ಇರುವ ಕಾಲ್‌ನಲ್ಲಿ ನೀವು ಜೋಡಿಸದೆ ನಿಧಾನವಾಗಿ ಮಾತಾಡಿದರೇ ಒಳ್ಳೆಯದು. ನಿಮ್ಮ ಕೇಸಿನಲ್ಲಿ ಎದುರಿಗಿರುವವರು ಅಮೆರಿಕದವರು, ಅವರದನ್ನು ಕೇಳಿಸಿಕೊಳ್ಳಲಿಕ್ಕಾದರೂ ಜೋಡಣೆ ಬರಬೇಕು.

ಬಿಡಿ ಧ್ವನಿಗಳಲ್ಲಿ ನಿಜವಾಗಿ ತಿದ್ದಿಕೊಳ್ಳಬೇಕಾದದ್ದು ಪ, ಟ, ಕ. ಒತ್ತು ಇರುವ ಪದದ ಶುರುವಿನಲ್ಲಿ ಇವು ಬಂದರೆ ಅವರು ಉಸಿರು ಸೇರಿಸಿ ಹೇಳುತ್ತಾರೆ, ನಮ್ಮ ಮಹಾಪ್ರಾಣದ ಹಾಗೆ. ನಾವು ಉಸಿರಿಲ್ಲದೆ ‘ಪ್ಯಾಕ್’ ಅಂದರೆ ಅವರಿಗೆ ‘ಬ್ಯಾಕ್’ ಅಂತ ಕೇಳಿಸುತ್ತದೆ. ಬಾಯಿಯ ಮುಂದೆ ಅಂಗೈ ಹಿಡಿದು ‘ಪುಲ್’ ಅನ್ನಿ, ಗಾಳಿ ಅಂಗೈಗೆ ತಾಗಬೇಕು. ವ ಎರಡು ಥರ ಇದೆ ಅನ್ನೋದೂ ಗೊತ್ತಿರಲಿ. ‘ವೆರಿ’ಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ‘ವೆಸ್ಟ್’ ಅಂದರೆ ಪಶ್ಚಿಮ ದಿಕ್ಕಾದರೆ ತುಟಿ ದುಂಡಗಾಗಬೇಕು, ಹಲ್ಲು ಎಲ್ಲೂ ತಾಗಬಾರದು.

ಅಭ್ಯಾಸಕ್ಕೆ ನಾನು ಹೇಳೋದು ಇಷ್ಟು. ಒಬ್ಬರು ಸಹಜವಾಗಿ ಮಾತಾಡಿದ ಅರ್ಧ ನಿಮಿಷದ ತುಣುಕು ಸಾಕು. ಯೂಗ್ಲಿಷ್ ಅನ್ನುವ ವೆಬ್‌ಸೈಟಿನಲ್ಲಿ ಯಾವುದೇ ಪದ, ಪದಗುಚ್ಛ ಟೈಪ್ ಮಾಡಿದರೆ ಯೂಟ್ಯೂಬ್ ವಿಡಿಯೊಗಳಲ್ಲಿ ಬೇರೆಬೇರೆ ಜನ ಅದನ್ನು ಹೇಳಿದ ಜಾಗವನ್ನೇ ತೋರಿಸುತ್ತದೆ. ಅಮೆರಿಕ, ಬ್ರಿಟನ್ ಅಂತ ಆರಿಸಿಕೊಳ್ಳಬಹುದು. ನೀವು ಅಮೆರಿಕದ್ದನ್ನೇ ಆರಿಸಿ, ಸದ್ಯಕ್ಕೆ ಎರಡನ್ನೂ ಬೆರೆಸಬೇಡಿ. ಕೇಳಿದ್ದನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ, ಕಿವಿಗೆ ಬಿದ್ದ ಹಾಗೆ, ಪದ ಬಿಡಿಸದೆ. ಇಂಗ್ಲಿಷಿನಲ್ಲಿ 26 ಅಕ್ಷರ, ಧ್ವನಿಗಳು ಸುಮಾರು 44. ಸ್ಪೆಲಿಂಗ್ ನೋಡುತ್ತಾ ಕೂತರೆ ಕಣ್ಣು ಕಿವಿಯನ್ನು ದಾರಿ ತಪ್ಪಿಸುತ್ತದೆ. ಕನ್ನಡ ಲಿಪಿಯಲ್ಲಿ ಬರೆದಾಗ ಸಂಧಿ ಕಣ್ಣಿಗೇ ಕಾಣುತ್ತದೆ. ಆಮೇಲೆ ಆ ತುಣುಕಿನ ಜೊತೆಜೊತೆಗೇ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಅದನ್ನೂ ಇದನ್ನೂ ಒಂದರ ಹಿಂದೆ ಒಂದು ಕೇಳಿ. ದಿನಕ್ಕೆ ಕಾಲು ಗಂಟೆ ಸಾಕು, ಆದರೆ ದಿನಾ ಬೇಕು.

ಸ್ಪೀಡ್ ಹೆಚ್ಚಿಸಬೇಡಿ. ಜೋಡಿಸೋದು ಬೇರೆ, ಗಡಿಬಿಡಿ ಬೇರೆ. ಅರ್ಥ ಒಂದಾಗಿರುವ ನಾಲ್ಕೈದು ಪದಗಳನ್ನು ಒಟ್ಟಿಗೆ ಜೋಡಿಸಿ ಹೇಳಿ, ಅಲ್ಲಿ ನಿಲ್ಲಿಸಿ, ಉಸಿರು ತೆಗೆದುಕೊಳ್ಳಿ, ಮುಂದಿನ ಗುಂಪು ಹೇಳಿ. ನಿಂತ ಕಡೆ ಸಂಧಿ ಇಲ್ಲ. ನಿಧಾನವಾಗಿ ಜೋಡಿಸಿ ಮಾತಾಡುವವರೇ ಕೇಳುವವರಿಗೆ ಹಿತ.

ಮುಂದಿನ ಕಾಲ್‌ನಲ್ಲಿ ನೀವು ಹೇಳಲೇಬೇಕಾದ ನಾಲ್ಕೈದು ವಾಕ್ಯ ಇದ್ದರೆ ಕೆಳಗೆ ಬರೆಯಿರಿ. ಎಲ್ಲಿ ಜೋಡಿಸಬೇಕು, ಎಲ್ಲಿ ಒತ್ತಬೇಕು, ಎಲ್ಲಿ ನಿಲ್ಲಬೇಕು ಅಂತ ಕನ್ನಡದಲ್ಲೇ ಗುರುತು ಹಾಕಿ ಕೊಡುತ್ತೇನೆ.