ಹೊಟ್ಟೆ ಸ್ಕ್ಯಾನ್‌ನಲ್ಲಿ ರಕ್ತನಾಳದ ಒತ್ತಡ ಗೊತ್ತಾಗುತ್ತಾ?

ನಮಸ್ಕಾರ ಮೇಡಂ. ಡೆಂಗ್ಯೂ ಆಗಿ ಪುಣೆಯಲ್ಲಿ ಅಡ್ಮಿಟ್ ಆಗಿರುವ ಮಗಳಿಗೆ ಕುತ್ತಿಗೆಗೆ ಲೈನ್ (ಒತ್ತಡ ಅಳೆಯಲು ರಕ್ತನಾಳದೊಳಗೆ ಹಾಕುವ ತೆಳು ಕೊಳವೆ) ಹಾಕದೆ, ಬರೀ ಹೊಟ್ಟೆ ಮೇಲೆ ಸ್ಕ್ಯಾನ್ ಮಾಡುವ ಪ್ರೋಬ್ ಇಟ್ಟು ನೋಡಿದರೆ ಸಾಕಾ ಅಂತ ಕೇಳಿದ್ದೀರಿ. ನಾನೂ ಇಲ್ಲೇ ಮಕ್ಕಳ ಐಸಿಯುನಲ್ಲಿ ನರ್ಸ್.

ಎದೆಗೂಡಿನ ಕೆಳಗೆ ಪ್ರೋಬ್ ಇಟ್ಟರೆ ಹೃದಯಕ್ಕೆ ರಕ್ತ ವಾಪಸ್ ಒಯ್ಯುವ ದೊಡ್ಡ ನಾಳ ಕಾಣುತ್ತದೆ. ಐವಿಸಿ ಅಂತಾರೆ. ನಾಳದೊಳಗೆ ರಕ್ತ ಕಡಿಮೆ ಇದ್ದರೆ, ಮಗು ಉಸಿರು ಎಳೆದಾಗ ಅದು ಚಪ್ಪಟೆಯಾಗುತ್ತದೆ. ಒತ್ತಡ ಜಾಸ್ತಿ ಇದ್ದರೆ ಉಬ್ಬಿಕೊಂಡೇ ಇರುತ್ತದೆ. ಡೆಂಗ್ಯೂನಲ್ಲಿ ಡ್ರಿಪ್ ಕಡಿಮೆಯಾದರೂ ಅಪಾಯ, ಜಾಸ್ತಿಯಾದರೆ ಶ್ವಾಸಕೋಶದ ಸುತ್ತ ನೀರು ಸೇರುತ್ತದೆ. ಅದಕ್ಕೇ ಮತ್ತೆ ಮತ್ತೆ ನೋಡುವುದು.

ಇದು ಅಂದಾಜು, ಲೈನ್‌ನಂತೆ ನಿಖರ ಅಂಕಿ ಅಲ್ಲ. ಮಗು ಅತ್ತರೆ ಚಿತ್ರವೇ ಬದಲಾಗುತ್ತದೆ. ವೆಂಟಿಲೇಟರ್‌ನಲ್ಲಿದ್ದರೆ ಲೆಕ್ಕ ಉಲ್ಟಾ, ಉಸಿರು ಒಳಗೆ ಹೋದಾಗ ನಾಳ ಹಿಗ್ಗುತ್ತದೆ. ಹಾಗಾಗಿ ನಾಡಿ, ಬಿಪಿ, ಮೂತ್ರ, ಲಿವರ್ ಎಲ್ಲವನ್ನೂ ಸೇರಿಸಿಯೇ ಡಾಕ್ಟರ್ ನಿರ್ಧರಿಸುತ್ತಾರೆ. ಪ್ಲೇಟ್‌ಲೆಟ್ ಇಳಿದಿರುವಾಗ ಕುತ್ತಿಗೆಗೆ ಸೂಜಿ ಹಾಕಿದರೆ ರಕ್ತ ಸೋರುವ ಭಯವೂ ಇದೆ, ಅಲ್ವಾ? ಸುಮ್ನೆ ಲೈನ್ ಹಾಕಿ ಅಂತ ಒತ್ತಾಯಿಸಬೇಡಿ.

ಸ್ಕ್ಯಾನ್ ಮಾಡುವಾಗ ಪಕ್ಕದಲ್ಲೇ ನಿಂತು ಕೈ ಹಿಡಿದುಕೊಳ್ಳಿ, ಅಳದಿದ್ದರೆ ಚಿತ್ರ ಚೆನ್ನಾಗಿ ಬರುತ್ತದೆ. ರೌಂಡ್ಸ್‌ಗೆ ಬಂದಾಗ "ನಿನ್ನೆಗಿಂತ ನಾಳ ತುಂಬಿದೆಯಾ, ಡ್ರಿಪ್ ಬದಲಾಯಿಸುತ್ತೀರಾ" ಅಂತ ಧೈರ್ಯವಾಗಿ ಕೇಳಿ.