ಪೋಸ್ಟರಿನ ಬಿಳಿ ಗೆರೆ ಸೊಂಟದ ಬಳಿ ಮೂಡಿದ್ದೇಕೆ: ಸೆಲೆಕ್ಷನ್, ಮಾಸ್ಕ್, ಲೇಯರ್ ಎಫೆಕ್ಟ್

ನಮಸ್ಕಾರ. ನೀವು ಕೇಳಿದ್ದು ಇದು: ಯಕ್ಷಗಾನದ ಪೋಸ್ಟರಿಗಾಗಿ ವೇಷಧಾರಿಯ ಚಿತ್ರವನ್ನು ಫೋಟೋಶಾಪ್‌ನಲ್ಲಿ ಹಿನ್ನೆಲೆಯಿಂದ ಬಿಡಿಸಿದ್ದೀರಿ. ಕಿರೀಟದ ಅಂಚಿನಲ್ಲಿ ಹಿಂದಿನ ಪರದೆಯ ಕೆಂಪು ಉಳಿದುಕೊಂಡಿದೆ. ಬಿಳಿ ಸ್ಟ್ರೋಕ್ (ಅಂಚುಗೆರೆ) ಮತ್ತು ಡ್ರಾಪ್ ಶ್ಯಾಡೋ (ಹಿಂದೆ ಬೀಳುವ ನೆರಳು) ಕೊಟ್ಟ ಮೇಲೆ, ಕಾಲಿನ ಭಾಗ ಮೆಲ್ಲಗೆ ಕರಗಿಹೋಗಲೆಂದು ಬೇಡದ ಭಾಗವನ್ನು ಅಳಿಸದೆ ಮರೆಮಾಡುವ ಮಾಸ್ಕಿನ ಮೇಲೆ ಕಪ್ಪು ಬ್ರಷ್ ಆಡಿಸಿದರೆ, ಬಿಳಿ ಗೆರೆ ಕರಗುವ ಬದಲು ಸೊಂಟದ ಬಳಿ ಅಡ್ಡಲಾಗಿ ಹೊಸದಾಗಿ ಮೂಡಿದೆ. ಇದು ತಂತ್ರಾಂಶದ ದೋಷವಲ್ಲ, ನಿಮ್ಮ ಕಂಪ್ಯೂಟರಿನದೂ ಅಲ್ಲ. ನೀವು ಹೇಳಿದ್ದನ್ನೇ ಅದು ಮಾಡಿದೆ.

ಮೊದಲು ಸೆಲೆಕ್ಷನ್, ಅಂದರೆ ಚಿತ್ರದಲ್ಲಿ ಬೇಕಾದ ಭಾಗವನ್ನು ಆರಿಸುವುದರ ಕುರಿತು. ಕಂಪ್ಯೂಟರಿನ ಪರದೆಯ ಮೇಲೆ ಹರಿದಾಡುವ ಚುಕ್ಕೆಗೆರೆಯನ್ನು ನೋಡಿ, ಅದರ ಒಳಗಿರುವುದೆಲ್ಲ ಆಯ್ಕೆಯಾಗಿದೆ, ಹೊರಗಿರುವುದು ಆಗಿಲ್ಲ ಎಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಸೆಲೆಕ್ಷನ್ ಎಂಬುದು ಚಿತ್ರದಷ್ಟೇ ಅಳತೆಯ, ಬರೀ ಬೂದು ಛಾಯೆಗಳ ಇನ್ನೊಂದು ಚಿತ್ರ. ಎಂಟು ಬಿಟ್ ಕಡತದಲ್ಲಿ ಪ್ರತಿ ಪಿಕ್ಸೆಲ್ಲಿಗೂ 0ಯಿಂದ 255ರವರೆಗೆ ಒಂದು ಬೆಲೆ ಇರುತ್ತದೆ. 0 ಎಂದರೆ ಆಯ್ಕೆಯಾಗಿಲ್ಲ, 255 ಎಂದರೆ ಪೂರ್ಣವಾಗಿ ಆಗಿದೆ, ನಡುವಿನವು ಭಾಗಶಃ. ಚುಕ್ಕೆಗೆರೆಯು ಶೇಕಡಾ 50ರ ಗಡಿಯನ್ನು ಮಾತ್ರ ತೋರಿಸುತ್ತದೆ. ಆದ್ದರಿಂದ ಫೆದರ್ ಮಾಡಿದ, ಅಂದರೆ ಅಂಚನ್ನು ಮೃದುಗೊಳಿಸಿದ ಸೆಲೆಕ್ಷನ್ ಆ ಗೆರೆಯ ಎರಡೂ ಬದಿಗೆ ಎಷ್ಟು ಹರಡಿದೆ ಎಂಬುದು ಕಣ್ಣಿಗೆ ಕಾಣುವುದೇ ಇಲ್ಲ. ಕೀಲಿಮಣೆಯಲ್ಲಿ ಕ್ಯೂ ಒತ್ತಿ ಕ್ವಿಕ್ ಮಾಸ್ಕ್ ತೆರೆದರೆ ಈ ಹರಡುವಿಕೆ ಕೆಂಪು ಹೊದಿಕೆಯಾಗಿ ಕಾಣಿಸುತ್ತದೆ, ಅಲ್ಲಿಯೇ ಬ್ರಷ್‌ನಿಂದ ತಿದ್ದಲೂಬಹುದು.

ಲೇಯರ್ ಮಾಸ್ಕ್ ಎಂದರೆ ಈ ಬೂದು ಚಿತ್ರವನ್ನೇ ಲೇಯರಿಗೆ (ಒಂದರ ಮೇಲೊಂದು ಇಡುವ ಚಿತ್ರದ ಪದರಕ್ಕೆ) ಅಂಟಿಸಿಟ್ಟದ್ದು. ಬಿಳಿ ಇದ್ದಲ್ಲಿ ಲೇಯರ್ ಕಾಣುತ್ತದೆ, ಕಪ್ಪು ಇದ್ದಲ್ಲಿ ಮರೆಯಾಗುತ್ತದೆ, ಬೂದು ಇದ್ದಲ್ಲಿ ಅರೆಪಾರದರ್ಶಕವಾಗುತ್ತದೆ. ಕಂಟ್ರೋಲ್ ಹಿಡಿದು ಮಾಸ್ಕಿನ ಚಿಕ್ಕ ಚಿತ್ರದ ಮೇಲೆ ಕ್ಲಿಕ್ ಮಾಡಿದರೆ ಅದು ಮರಳಿ ಸೆಲೆಕ್ಷನ್ ಆಗುತ್ತದೆ. ಆಲ್ಟ್ ಹಿಡಿದು ಕ್ಲಿಕ್ ಮಾಡಿದರೆ ಮಾಸ್ಕ್ ಒಂದೇ ಪೂರ್ಣ ಗಾತ್ರದಲ್ಲಿ ಕಾಣುತ್ತದೆ. ಅಂಚಿನ ಕೆಲಸ ಮುಗಿಯಿತೆಂದು ಅನ್ನಿಸಿದಾಗಲೆಲ್ಲ ಈ ಆಲ್ಟ್ ಕ್ಲಿಕ್ ಮಾಡಿ ನೋಡುವ ಅಭ್ಯಾಸವಿಟ್ಟುಕೊಳ್ಳಿ. ವೇಷದ ಒಳಗೆ ಅಲ್ಲಲ್ಲಿ ಉಳಿದ ಬೂದು ಕಲೆಗಳು ಬಣ್ಣದ ಚಿತ್ರದಲ್ಲಿ ತಪ್ಪಿಸಿಕೊಳ್ಳುತ್ತವೆ, ಇಲ್ಲಿ ತಪ್ಪಿಸಿಕೊಳ್ಳಲಾರವು.

ಇನ್ನು ಅಂಚಿನ ಕೆಂಪು. ಇಡೀ ವೇಷಕ್ಕೆ ಒಂದೇ ಅಳತೆಯ ಫೆದರ್ ಕೊಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಕಿರೀಟ, ಭುಜಕೀರ್ತಿ ಇವುಗಳ ಅಂಚು ಗಟ್ಟಿ. ಅಲ್ಲಿ ಪೆನ್ ಟೂಲ್‌ನಿಂದ ದಾರಿ ಎಳೆದು, ಒಂದು ಪಿಕ್ಸೆಲ್ಲಿಗಿಂತ ಹೆಚ್ಚು ಮೃದು ಮಾಡದಿರುವುದೇ ಸರಿ. ಇಳಿಬಿದ್ದ ಕೂದಲು, ಕುಣಿತದಲ್ಲಿ ಹಾರುವ ಬಟ್ಟೆಯ ತುದಿ ಇಂಥವುಗಳ ಬಳಿ ಮಾತ್ರ ಮಾಸ್ಕಿನ ಮೇಲೆ ಬ್ಲರ್ ಟೂಲ್ ಆಡಿಸಿ. ಕೆಂಪು ಎಳೆಯಾಗಿ ಉಳಿದಿದ್ದರೆ ಮಾಸ್ಕನ್ನು ಆರಿಸಿಕೊಂಡು ಕಪ್ಪುಬಿಳುಪಿನ ಹದ ತಿದ್ದುವ ಲೆವೆಲ್ಸ್ ತೆರೆದು, ಎಡಗಡೆಯ ಕಪ್ಪು ತ್ರಿಕೋನವನ್ನು ಸ್ವಲ್ಪ ಬಲಕ್ಕೆ ತಳ್ಳಿ. ಅಂಚಿನ ಬೂದು ಕಪ್ಪಾಗಿ, ಮಾಸ್ಕ್ ಒಳಕ್ಕೆ ಸರಿಯುತ್ತದೆ. ಸೆಲೆಕ್ಟ್ ಅಂಡ್ ಮಾಸ್ಕ್‌ನಲ್ಲಿರುವ ಡಿಕಂಟಾಮಿನೇಟ್ ಕಲರ್ಸ್ ಆಯ್ಕೆ ಪಿಕ್ಸೆಲ್‌ಗಳ ಬಣ್ಣವನ್ನೇ ಬದಲಿಸುವುದರಿಂದ ಫಲಿತಾಂಶವನ್ನು ಹೊಸ ಲೇಯರಿಗೆ ಕೊಡುತ್ತದೆ. ಚಿನ್ನದ ಬಣ್ಣದ ಕಿರೀಟಕ್ಕೆ ನಾನು ಅದನ್ನು ಬಳಸುವುದಿಲ್ಲ. ಬದಲಾಗಿ ಮೇಲೊಂದು ಖಾಲಿ ಲೇಯರ್ ಇಟ್ಟು, ಎರಡು ಲೇಯರ್‌ಗಳ ನಡುವಿನ ಗೆರೆಯ ಮೇಲೆ ಆಲ್ಟ್ ಕ್ಲಿಕ್ ಮಾಡಿ ಅದನ್ನು ಕೆಳಗಿನದಕ್ಕೆ ಕ್ಲಿಪ್ ಮಾಡಿ (ಕೆಳಗಿನ ಲೇಯರಿನ ಆಕಾರದೊಳಗೆ ಮಾತ್ರ ಕಾಣುವಂತೆ), ಬ್ಲೆಂಡಿಂಗ್ ಮೋಡ್ ಅನ್ನು ಕಲರ್ ಎಂದು ಬದಲಿಸಿ, ಪಕ್ಕದ ಚಿನ್ನದ ಬಣ್ಣವನ್ನೇ ಐಡ್ರಾಪರ್‌ನಿಂದ ತೆಗೆದು ಕೆಂಪಿನ ಮೇಲೆ ಬಳಿಯುತ್ತೇನೆ. ನೆರಳುಬೆಳಕು ಹಾಗೆಯೇ ಉಳಿದು ಬಣ್ಣ ಮಾತ್ರ ಬದಲಾಗುತ್ತದೆ.

ಈಗ ನಿಮ್ಮನ್ನು ಹೆಚ್ಚು ಕಾಡಿದ ಬಿಳಿ ಗೆರೆಗೆ ಬರುತ್ತೇನೆ. ಸ್ಟ್ರೋಕ್, ಡ್ರಾಪ್ ಶ್ಯಾಡೋ, ಔಟರ್ ಗ್ಲೋ (ಹೊರಹೊಳಪು) ಈ ಲೇಯರ್ ಎಫೆಕ್ಟ್ ಎಲ್ಲವೂ ಲೇಯರಿನ ಕಾಣುವ ಆಕಾರವನ್ನು ನೋಡಿ ಹುಟ್ಟುತ್ತವೆ, ಆ ಆಕಾರವನ್ನು ತೀರ್ಮಾನಿಸುವುದು ಮಾಸ್ಕ್. ನೀವು ಕಾಲನ್ನು ಮರೆಮಾಡಿದಾಗ ಫೋಟೋಶಾಪ್‌ನ ದೃಷ್ಟಿಯಲ್ಲಿ ಆ ವೇಷ ಸೊಂಟಕ್ಕೇ ಮುಗಿಯಿತು. ಹಾಗಾಗಿ ಅಲ್ಲಿಗೇ ಅಂಚುಗೆರೆ ಎಳೆಯಿತು. ಲೇಯರನ್ನು ಡಬಲ್ ಕ್ಲಿಕ್ ಮಾಡಿದಾಗ ಬರುವ ಬ್ಲೆಂಡಿಂಗ್ ಆಪ್ಷನ್ಸ್‌ನಲ್ಲಿ ಲೇಯರ್ ಮಾಸ್ಕ್ ಹೈಡ್ಸ್ ಎಫೆಕ್ಟ್ಸ್ ಎಂಬ ಚೌಕವಿದೆ, ಅದನ್ನು ಗುರುತಿಸಿ ಎಂದು ನಿಮ್ಮ ಪ್ರಶ್ನೆಗೆ ಉತ್ತರವಾಗಿ ಒಬ್ಬರು ಸಲಹೆ ಕೊಟ್ಟಿದ್ದಾರೆ. ಆ ಸಲಹೆ ನಿಮಗೆ ಒದಗುವುದಿಲ್ಲ. ಹಿನ್ನೆಲೆಯನ್ನು ಮರೆಮಾಡಿರುವುದೂ ಅದೇ ಮಾಸ್ಕ್ ಆದ್ದರಿಂದ, ಆಕೃತಿಯ ಹೊರಗೆ ಬೀಳುವ ನೆರಳೂ ಹೊರಗಡೆಯ ಸ್ಟ್ರೋಕೂ ಸಂಪೂರ್ಣ ಅಳಿಸಿಹೋಗುತ್ತವೆ.

ಪರಿಹಾರವೆಂದರೆ ಎರಡು ಕೆಲಸಕ್ಕೆ ಎರಡು ಮಾಸ್ಕ್. ಆಕೃತಿಯನ್ನು ಬಿಡಿಸಿದ ಮಾಸ್ಕ್ ಲೇಯರಿನಲ್ಲೇ ಇರಲಿ, ಎಫೆಕ್ಟ್‌ಗಳೂ ಅಲ್ಲೇ ಇರಲಿ. ಕಂಟ್ರೋಲ್ ಮತ್ತು ಜಿ ಒತ್ತಿ ಆ ಲೇಯರನ್ನು ಒಂದು ಗ್ರೂಪಿಗೆ ಸೇರಿಸಿ, ಗ್ರೂಪಿಗೆ ಪ್ರತ್ಯೇಕ ಮಾಸ್ಕ್ ಕೊಟ್ಟು, ಅದರ ಮೇಲೆ ಕಪ್ಪುಬಿಳಿ ಗ್ರೇಡಿಯೆಂಟನ್ನು ಕಾಲಿನಿಂದ ಮೇಲಕ್ಕೆ ಎಳೆಯಿರಿ. ಗ್ರೂಪಿನ ಮಾಸ್ಕ್ ಒಳಗಿನ ಲೇಯರ್ ಮತ್ತು ಅದರ ಎಫೆಕ್ಟ್ ಎರಡನ್ನೂ ಒಟ್ಟಿಗೆ ಮರೆಮಾಡುವುದರಿಂದ ಗೆರೆ, ನೆರಳು, ವೇಷ ಮೂರೂ ಒಂದೇ ಹದದಲ್ಲಿ ಕರಗುತ್ತವೆ. ಲೇಯರನ್ನು ಸ್ಮಾರ್ಟ್ ಆಬ್ಜೆಕ್ಟ್ (ಲೇಯರನ್ನೂ ಎಫೆಕ್ಟನ್ನೂ ಒಳಗಿಟ್ಟುಕೊಳ್ಳುವ ಪೊಟ್ಟಣ) ಮಾಡಿ ಅದಕ್ಕೆ ಮಾಸ್ಕ್ ಕೊಟ್ಟರೂ ಇದೇ ಫಲ.

ವೇಷಧಾರಿ ರಂಗಸ್ಥಳದಲ್ಲಿ ನಿಂತಂತೆ ತೋರಿಸಬೇಕಿದ್ದರೆ ಡ್ರಾಪ್ ಶ್ಯಾಡೋ ಸಾಲದು, ಏಕೆಂದರೆ ಅದು ಹಿಂದಿನ ಗೋಡೆಯ ಮೇಲೆ ಬಿದ್ದ ನೆರಳಿನಂತೆ ಕಾಣುತ್ತದೆ. ಎಫೆಕ್ಟ್‌ನ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ ಕ್ರಿಯೇಟ್ ಲೇಯರ್ ಎಂದರೆ ನೆರಳು ಬೇರೆ ಲೇಯರಾಗುತ್ತದೆ. ಅದನ್ನು ಟ್ರಾನ್ಸ್‌ಫಾರ್ಮ್‌ನಿಂದ ನೆಲಕ್ಕೆ ಒರಗಿಸಿ. 1998ರಲ್ಲಿ ಬಂದ 5.0 ಆವೃತ್ತಿಗೆ ಮೊದಲು ಲೇಯರ್ ಎಫೆಕ್ಟ್‌ಗಳೇ ಇರಲಿಲ್ಲ; ಆಕೃತಿಯ ಪ್ರತಿ ತೆಗೆದು, ಕಪ್ಪು ತುಂಬಿ, ಬ್ಲರ್ ಮಾಡಿ ನೆರಳನ್ನು ಕೈಯಾರೆ ಮಾಡಬೇಕಿತ್ತು. ನೆಲದ ನೆರಳಿಗೆ ಈಗಲೂ ಆ ಹಳೆಯ ಕ್ರಮವೇ ಚೆನ್ನ.

ಫೋಟೋಶಾಪಿನಂಥದೇ ಉಚಿತ ತಂತ್ರಾಂಶವಾದ ಗಿಂಪ್ ಬಳಸುವವರು ಕೇಳಿದ್ದರಿಂದ ಒಂದು ಮಾತು. ಅಲ್ಲಿ 2025ರ ಮಾರ್ಚ್‌ನಲ್ಲಿ 3.0 ಬರುವವರೆಗೆ ಫಿಲ್ಟರ್ ಹಾಕಿದ ಕೂಡಲೇ ಪಿಕ್ಸೆಲ್‌ಗಳಲ್ಲಿ ಬೆರೆತುಹೋಗುತ್ತಿತ್ತು; ಈಗ ಅದು ಲೇಯರಿನ ಜೊತೆ ಬೇರೆಯಾಗಿ ಉಳಿಯುತ್ತದೆ, ಬೇಕಾದಾಗ ತಿದ್ದಬಹುದು. ಮಾಸ್ಕಿನ ಕಪ್ಪುಬಿಳಿ ನಿಯಮ ಎರಡರಲ್ಲೂ ಒಂದೇ.

ಮುದ್ರಣಕ್ಕೆ ಕೊಡುವ ಮುನ್ನ ಗಮನಿಸಿ: ಸ್ಟ್ರೋಕ್ ಮತ್ತು ನೆರಳಿನ ಅಳತೆ ಪಿಕ್ಸೆಲ್‌ಗಳಲ್ಲಿರುತ್ತದೆ. ಚಿತ್ರದ ಗಾತ್ರ ಹಿಗ್ಗಿಸುವಾಗ ಇಮೇಜ್ ಸೈಜ್ ಕಿಟಕಿಯ ಮೂಲೆಯ ಮೆನುವಿನಲ್ಲಿರುವ ಸ್ಕೇಲ್ ಸ್ಟೈಲ್ಸ್ ಆಯ್ಕೆಗೆ ಗುರುತು ಹಾಕದಿದ್ದರೆ ಮೂರಡಿಯ ಪೋಸ್ಟರಿನಲ್ಲಿ ನಿಮ್ಮ ಗೆರೆ ಕೂದಲೆಳೆಯಷ್ಟಾಗುತ್ತದೆ. ಮೂಲ ಕಡತವನ್ನು ಪಿಎಸ್‌ಡಿಯಾಗಿಯೇ ಇಟ್ಟುಕೊಳ್ಳಿ, ಜೆಪೆಗ್‌ನಲ್ಲಿ ಲೇಯರೂ ಮಾಸ್ಕೂ ಉಳಿಯುವುದಿಲ್ಲ. ಗ್ರೂಪ್ ಮಾಡಿದ ಮೇಲೂ ಗೆರೆ ಕಾಣಿಸಿದರೆ ಲೇಯರ್ ಪಟ್ಟಿಯ ಸ್ಕ್ರೀನ್‌ಶಾಟ್ ಹಾಕಿ, ಯಾವ ಮಾಸ್ಕ್ ಎಲ್ಲಿದೆ ಎಂದು ನೋಡಿ ಹೇಳುತ್ತೇನೆ.